ಹಳೆ ಸಿಗ್ನಲ್ ಜನರೇಟರ್‌ಗೆ ಧಾರವಾಡ ಆಕಾಶವಾಣಿಯೇ ಒರೆಗಲ್ಲು

ಹಳೆ ರೇಡಿಯೋ ರಿಪೇರಿ ಮಾಡುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಸಿಗುತ್ತಾರೆ. ಆದರೆ ಆ ರಿಪೇರಿಗೆ ಬಳಸುತ್ತಿದ್ದ ಸಾಮಾನುಗಳಿವೆಯಲ್ಲ, ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಕೊಡುವ ಸಿಗ್ನಲ್ ಜನರೇಟರ್, ವೋಲ್ಟೇಜ್ ಅಳೆಯುವ ವಾಲ್ವ್ ವೋಲ್ಟ್‌ಮೀಟರ್, ಅಲೆಯನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ (ಸ್ಕೋಪ್), ಇವು ಕೆಟ್ಟರೆ ಕೈಹಾಕುವವರು ಕಡಿಮೆ. ರೇಡಿಯೋ ಸರಿಯಾದರೆ ಹಾಡು ಕೇಳಿಸುತ್ತದೆ, ಅಲ್ಲಿಗೆ ಮುಗಿಯಿತು. ಸಿಗ್ನಲ್ ಜನರೇಟರ್ ಸರಿಯಾಯಿತು ಅಂತ ಯಾರು ಹೇಳಬೇಕು? ದೀಪ ಹತ್ತುತ್ತದೆ, ಮುಳ್ಳು ಅಲ್ಲಾಡುತ್ತದೆ, ಸರಿ. ಡಯಲ್ 1000 ಅಂತ ತೋರಿಸುವ ಕಡೆ ನಿಜಕ್ಕೂ 1000 ಕಿಲೋಹರ್ಟ್ಸ್ ಹೊರಗೆ ಬರುತ್ತಿದೆಯಾ? ಅದನ್ನು ನೋಡೋಕೆ ಇನ್ನೊಂದು ಯಂತ್ರ ಬೇಕು, ಆ ಯಂತ್ರ ಸರಿ ಇದೆಯಾ ಅಂತ ನೋಡೋಕೆ ಮತ್ತೊಂದು.

ನನ್ನ ಪ್ರಕಾರ ಸುಳ್ಳು ಹೇಳುವ ಮೀಟರ್‌ಗಿಂತ ಸತ್ತ ಮೀಟರ್ ವಾಸಿ. ಸತ್ತದ್ದನ್ನು ಯಾರೂ ನಂಬುವುದಿಲ್ಲ. ಅರ್ಧಂಬರ್ಧ ರಿಪೇರಿಯಾದ ಜನರೇಟರ್ ನಂಬಿಕೊಂಡು ಒಳ್ಳೆ ರೇಡಿಯೋದ ಐಎಫ್‌ಟಿಗಳನ್ನೆಲ್ಲ (ಒಂದೇ ಫ್ರೀಕ್ವೆನ್ಸಿಗೆ ಹೊಂದಿಸಿಟ್ಟ ಒಳಗಿನ ಕಾಯಿಲ್ ಡಬ್ಬಿಗಳು) ತಿರುವಿ ಹಾಳು ಮಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಈ ಸಾಮಾನು ಸಿಗುವುದು ಎರಡು ಕಡೆ. ಒಂದು, ಬಾಗಿಲು ಹಾಕಿದ ಹಳೆ ರೇಡಿಯೋ ಅಂಗಡಿಗಳ ಅಟ್ಟ. ಇನ್ನೊಂದು, ಕಾಲೇಜು ಲ್ಯಾಬ್‌ಗಳಿಂದ ಹರಾಜಾಗಿ ಗುಜರಿ ಸೇರಿದ ರಾಶಿ. ಗುಜರಿಯವರು ಇದನ್ನು ತೂಕಕ್ಕೆ ಹಾಕುತ್ತಾರೆ. "ಸರ್, ಟ್ರಾನ್ಸ್‌ಫಾರ್ಮರ್ ದೊಡ್ಡದೈತ್ರೀ, ಒಳಗ ತಾಮ್ರ ಭಾಳ ಐತಿ" ಅಂತ ರೇಟು ಏರಿಸುತ್ತಾರೆ. ಮುಂದಿನ ಪ್ಯಾನೆಲ್ ಮೇಲೆ ಏನು ಬರೆದಿದೆ ಅನ್ನೋದು ಅವರಿಗೆ ಬೇಕಿಲ್ಲ, ಅದೇ ನಮ್ಮ ಪುಣ್ಯ. ಅಹಮದಾಬಾದಿನ ಸಿಸ್ಟ್ರಾನಿಕ್ಸ್, ಠಾಣೆಯ ಆಪ್ಲ್ಯಾಬ್, ಇಂದೋರಿನ ಸೈಂಟಿಫಿಕ್ ಕಂಪನಿಗಳ ಮಾಲು ಜಾಸ್ತಿ. ಅದರಲ್ಲೂ 20 ಮೆಗಾಹರ್ಟ್ಸಿನ ಎಚ್‌ಎಂ 203 ಸ್ಕೋಪ್ ಸಿಕ್ಕರೆ ಬಿಡಬೇಡಿ. ಎರಡು ಚಾನಲ್, ಜೊತೆಗೆ ಕಾಂಪೊನೆಂಟ್ ಟೆಸ್ಟರ್. ಅದೊಂದು ಸರಿಯಾದರೆ ಮಿಕ್ಕಿದ್ದನ್ನೆಲ್ಲ ರಿಪೇರಿ ಮಾಡೋಕೆ ಅದೇ ಕಣ್ಣು.

ಮನೆಗೆ ತಂದ ಕೂಡಲೇ ಪ್ಲಗ್ಗಿಗೆ ಹಾಕಬೇಡಿ. "ನಡೀತೈತೋ ಇಲ್ಲೋ ನೋಡೂಣು" ಅಂತ ಅವಸರಕ್ಕೆ ಬಿದ್ದು ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡರೆ ಆ ಯಂತ್ರದ ಕಥೆ ಅಲ್ಲಿಗೆ ಮುಗಿದಂತೆ, ಏಕೆಂದರೆ ಕಂಡೆನ್ಸರ್ ಸಿಗುತ್ತದೆ, ರೆಸಿಸ್ಟೆನ್ಸ್ ಸಿಗುತ್ತದೆ, ಅದೇ ಅಳತೆಯ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ. ಮೊದಲು ಕವರ್ ಬಿಚ್ಚಿ, ನೋಡಿ, ಮೂಸಿ. ಹುಬ್ಬಳ್ಳಿಯಲ್ಲಿ ಇದ್ದ ಯಂತ್ರವಾದರೆ ಒಳಗೆಲ್ಲ ಎರಿಮಣ್ಣಿನ ಧೂಳು. ಧಾರವಾಡದ್ದಾದರೆ ಧೂಳು ಕಡಿಮೆ, ಬೂಷ್ಟು ಜಾಸ್ತಿ. ಇಪ್ಪತ್ತು ಕಿಲೋಮೀಟರ್ ಅಂತರಕ್ಕೆ ಇಷ್ಟು ವ್ಯತ್ಯಾಸ! ಧೂಳನ್ನು ಬ್ರಷ್ಷಿನಲ್ಲಿ ತೆಗೆಯಬಹುದು. ಫ್ರೀಕ್ವೆನ್ಸಿ ವಲಯ ಬದಲಿಸುವ ಬ್ಯಾಂಡ್ ಸ್ವಿಚ್ಚಿನ ಕಂದು ಬಣ್ಣದ ಹಾಳೆಯೊಳಗೆ ತಂಪು ಹಿಡಿದಿದ್ದರೆ ಮಾತ್ರ ಅಲ್ಲೇ ಕರೆಂಟ್ ಸೋರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಆಮೇಲೆ ಫ್ಯೂಸ್. ಹತ್ತರಲ್ಲಿ ಅರ್ಧ ಯಂತ್ರಗಳಲ್ಲಿ ಫ್ಯೂಸ್ ಜಾಗದಲ್ಲಿ ಯಾವುದೋ ತಂತಿ ಸುತ್ತಿರುತ್ತಾರೆ. ಅದು ಬರೀ ಕೆಲಸಗಳ್ಳತನ ಅಲ್ಲ, ಒಂದು ಸುಳಿವೂ ಹೌದು: ಫ್ಯೂಸ್ ಪದೇ ಪದೇ ಹೋಗುತ್ತಿತ್ತು ಅಂತ ಅರ್ಥ. ಹಿಂದುಗಡೆ ವೋಲ್ಟೇಜ್ ಸೆಲೆಕ್ಟರ್ ಇದ್ದರೆ ಎಲ್ಲಿದೆ ನೋಡಿ. 110ರಲ್ಲಿ ಇದ್ದರೆ ದೇವರೇ ಕಾಪಾಡಿದ. 220ರಲ್ಲಿದ್ದರೆ 240ಕ್ಕೆ ಹಾಕಿ. 220ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ 240 ಕೊಟ್ಟರೆ ವಾಲ್ವಿನ ಹೀಟರ್‌ಗೆ 6.3 ಬದಲು ಸುಮಾರು 6.9 ವೋಲ್ಟ್ ಹೋಗುತ್ತದೆ. ತಕ್ಷಣ ಏನೂ ಆಗುವುದಿಲ್ಲ, ವಾಲ್ವ್ ಆಯಸ್ಸು ಕರಗುತ್ತದೆ ಅಷ್ಟೇ.

ಮೇನ್ಸ್ ವಯರಿಗೆ ಅಡ್ಡ ಇರುವ ಕಂಡೆನ್ಸರ್‌ಗಳ ವಿಷಯದಲ್ಲಿ ನಾನು ಹಟಮಾರಿ. ಜೇನಿನ ಬಣ್ಣದ ಪಾರದರ್ಶಕ ಮೈಯ ಕಾಗದದ ಕಂಡೆನ್ಸರ್ ಕಂಡರೆ ಅಳೆಯೋದೂ ಇಲ್ಲ, ಕಿತ್ತು ಹಾಕುತ್ತೇನೆ. ಅದರ ಮೈಯಲ್ಲಿ ಸಣ್ಣ ಸೀಳು ಬಿಡುತ್ತದೆ, ಸೀಳಿನಿಂದ ತಂಪು ಒಳಗೆ ಹೋಗುತ್ತದೆ, ಒಂದು ದಿನ ಮನೆ ತುಂಬ ಹೊಗೆ. ಆ ವಾಸನೆ ಪರದೆಯಿಂದ ಹೋಗೋಕೆ ವಾರ ಬೇಕು. ಅದರ ಜಾಗಕ್ಕೆ ಎಕ್ಸ್2 ಅಂತ ಗುರುತಿರುವುದನ್ನೇ ಹಾಕಿ. ಲೈನಿನಿಂದ ಚಾಸಿಗೆ (ಯಂತ್ರದ ತಗಡಿನ ಮೈಗೆ) ಹೋಗುವ ಜಾಗಕ್ಕೆ ವೈ ಗುರುತಿನದು ಬೇಕು, ಅಲ್ಲಿ ಬೇರೆ ಯಾವುದನ್ನೂ ಹಾಕಬಾರದು. ಎರಡು ಪಿನ್ನಿನ ವಯರ್ ಇದ್ದ ಹಳೆ ಯಂತ್ರದ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ ಅಲ್ವಾ, ಅದಕ್ಕೂ ಇವೇ ಕಾರಣ. ಲೈನಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಕಂಡೆನ್ಸರ್ ಚಾಸಿಗೆ ಬಂದಿದ್ದರೆ ಅರ್ಥಿಂಗ್ ಇಲ್ಲದ ಚಾಸಿ ಮೇನ್ಸಿನ ಅರ್ಧಕ್ಕೆ, ಅಂದರೆ 115 ವೋಲ್ಟಿನ ಆಸುಪಾಸು ನಿಲ್ಲುತ್ತದೆ. ಮೂರು ಪಿನ್ನಿನ ವಯರ್ ಹಾಕಿ ಚಾಸಿಯನ್ನು ಅರ್ಥ್ ಮಾಡಿ. ಮನೆಯ ಅರ್ಥಿಂಗ್ ನಿಜಕ್ಕೂ ಇದೆಯಾ ಅಂತಲೂ ನೋಡಿಕೊಳ್ಳಿ.

ಈಗ ಕರೆಂಟ್ ಕೊಡಬಹುದು, ಆದರೆ ಸೀರೀಸ್ ಬೋರ್ಡ್ ಮೂಲಕ, ಅಂದರೆ ಕರೆಂಟ್ ಒಂದು ಬಲ್ಬು ದಾಟಿ ಯಂತ್ರಕ್ಕೆ ಹೋಗಬೇಕು. 60 ವ್ಯಾಟಿನ ಬಲ್ಬು, ತಂತಿಯದು. ಎಲ್‌ಇಡಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಈಗ ತಂತಿ ಬಲ್ಬು ಸಿಗುವುದೇ ಕಷ್ಟ, ಎಲ್ಲಾದರೂ ಕಂಡರೆ ನಾಲ್ಕು ತಂದಿಟ್ಟುಕೊಳ್ಳಿ. ಬಲ್ಬು ಒಮ್ಮೆ ಜೋರಾಗಿ ಹತ್ತಿ ಮಂಕಾದರೆ ಸರಿ. ಹಾಗೇ ಉರಿಯುತ್ತಿದ್ದರೆ ಒಳಗೆ ಶಾರ್ಟ್. ಕೆಲವರು ಡಿಮ್ಮರ್‌ಸ್ಟ್ಯಾಟ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಇಟ್ಟು ಮೆಲ್ಲಗೆ ಏರಿಸುತ್ತಾರೆ, ಹಳೆ ಕಂಡೆನ್ಸರ್ ತಾನೇ ಫಾರ್ಮ್ ಆಗುತ್ತದೆ, ಅಂದರೆ ವೋಲ್ಟೇಜ್ ತಡೆಯುವ ಶಕ್ತಿ ಮರಳಿ ಪಡೆಯುತ್ತದೆ ಅಂತ. ಡಯೋಡ್ ಇರುವ ಯಂತ್ರದಲ್ಲಿ ಅದು ನಡೆಯುತ್ತದೆ. ವಾಲ್ವ್ ರೆಕ್ಟಿಫೈಯರ್ ಇದ್ದರೆ ಹೀಟರ್ ಕಾಯುವವರೆಗೆ ಡಿಸಿ ಬರುವುದೇ ಇಲ್ಲ, ಬಂದಾಗ ಒಮ್ಮೆಲೇ ಬರುತ್ತದೆ. ಅಂಥ ಕಡೆ ಕಂಡೆನ್ಸರನ್ನು ಬಿಡಿಸಿ, ಹೊರಗಿನ ಡಿಸಿಯಿಂದ ದೊಡ್ಡ ರೆಸಿಸ್ಟೆನ್ಸ್ ಮೂಲಕ ಫಾರ್ಮ್ ಮಾಡಬೇಕು. ನಾನಂತೂ ಅಷ್ಟು ತಾಳ್ಮೆ ತೋರಿಸದೆ ಹೊಸದು ಹಾಕಿಬಿಡುತ್ತೇನೆ. ಎಲ್‌ಇಡಿ ಡ್ರೈವರ್, ಎಸ್‌ಎಂಪಿಎಸ್ ರಿಪೇರಿಯವರ ದಯೆಯಿಂದ 400, 450 ವೋಲ್ಟಿನ ಕಂಡೆನ್ಸರ್ ಈಗ ಎಲ್ಲ ಕಡೆ ಸಿಗುತ್ತದೆ. ಅಂದ ಹಾಗೆ, ಡಿಮ್ಮರ್‌ಸ್ಟ್ಯಾಟ್ ಇದ್ದರೆ ಶಾಕ್ ಹೊಡೆಯುವುದಿಲ್ಲ ಅನ್ನೋ ನಂಬಿಕೆ ಕೆಲವರಲ್ಲಿದೆ. ಅದು ತಪ್ಪು. ಅದರಲ್ಲಿ ಇರುವುದು ಒಂದೇ ವೈಂಡಿಂಗ್, ಮೇನ್ಸಿನಿಂದ ಬೇರೆ ಆಗಿಲ್ಲ.

ಯಾವ ಯಂತ್ರವೇ ಇರಲಿ, ಮೊದಲು ಪವರ್ ಸಪ್ಲೈ. ರೋಗ ಏನು ಅಂತ ಆಮೇಲೆ ಯೋಚಿಸಿ. ಡಿಸಿ ವೋಲ್ಟೇಜ್‌ಗಳು ಸರ್ಕ್ಯೂಟ್ ಹೇಳಿದಷ್ಟು ಇವೆಯಾ, ಅದರ ಮೇಲೆ ಉಳಿದ ಏರಿಳಿತ, ಅಂದರೆ ರಿಪಲ್, ಎಷ್ಟು. ಫುಲ್ ವೇವ್ ರೆಕ್ಟಿಫೈಯರ್‌ನಲ್ಲಿ ರಿಪಲ್ 100 ಹರ್ಟ್ಸ್ ಇರಬೇಕು. 50 ಕಂಡರೆ ಒಂದು ಕಡೆಯ ಡಯೋಡ್ ಹೋಗಿದೆ. ಬೇರೆ ಯಾವ ಪರೀಕ್ಷೆಯೂ ಇಷ್ಟು ಸುಲಭವಾಗಿ ಇಷ್ಟು ಹೇಳುವುದಿಲ್ಲ.

ಗದಗಿನ ಗೆಳೆಯರೊಬ್ಬರು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಒಂದು ಸ್ಕೋಪ್ ತಂದಿದ್ದರು. ಹಾಕಿದ ಕೂಡಲೇ ಗೆರೆ ಚೆನ್ನಾಗಿ ಬರುತ್ತದೆ, ಬಿಸಿಯಾದಂತೆ ಮೇಲಕ್ಕೆ ಏರಿ ಪರದೆಯಿಂದ ಮಾಯ. "ಟ್ಯೂಬ್ ಹೋಗೇತಿ ಅಂತಾರ್ರೀ ಎಲ್ಲಾರೂ" ಅಂದರು. ಟ್ಯೂಬ್ ಹೋದರೆ ಗೆರೆ ಮಂಕಾಗುತ್ತದೆ, ಮಸುಕಾಗುತ್ತದೆ, ಊರು ಬಿಟ್ಟು ಓಡಿಹೋಗುವುದಿಲ್ಲ. ಗೆರೆ ಓಡಿತು ಅಂದರೆ ಎರಡು ವರ್ಟಿಕಲ್ ಪ್ಲೇಟುಗಳ ನಡುವಿನ ಸಮತೋಲ ತಪ್ಪಿದೆ. ಸ್ಕೋಪಿನ ಕೊನೆಯ ಆಂಪ್ಲಿಫೈಯರ್ ಜೋಡಿ ಎತ್ತಿನ ಗಾಡಿ ಇದ್ದಂತೆ, ಎರಡೂ ಕಡೆ ಒಂದೇ ಎಳೆತ ಇರಬೇಕು. ಆದ್ದರಿಂದ ಎಡಕ್ಕೂ ಬಲಕ್ಕೂ ಮೀಟರ್ ಹಚ್ಚಿ ಹೋಲಿಸುತ್ತಾ ಹಿಂದಕ್ಕೆ ಹೋದರೆ ಸಾಕು, ಸರ್ಕ್ಯೂಟ್ ಕಾಗದ ಇಲ್ಲದಿದ್ದರೂ ನಡೆಯುತ್ತದೆ. ಎಲ್ಲಿ ಎರಡೂ ಕಡೆ ಸಮ ಇದೆಯೋ ಅಲ್ಲಿಂದ ಮುಂದೆ ರೋಗ. ಇದರಲ್ಲಿ ಕೊನೆಯ ಹಂತದ ಒಂದು ದೊಡ್ಡ ರೆಸಿಸ್ಟೆನ್ಸ್ ಕಾಲು, ಕೆಳಗೆ ಬೋರ್ಡು ಕಂದಿತ್ತು, ಬೆಸುಗೆಯ ಸುತ್ತ ಕೂದಲೆಳೆಯಷ್ಟು ಉಂಗುರದ ಸೀಳು. ಬಿಸಿಯಾದಾಗ ಕಾಲು ಬಿಡುತ್ತಿತ್ತು. ಹಳೆ ಸೋಲ್ಡರ್ ಪೂರ್ತಿ ತೆಗೆದು ಹೊಸದು ಹಾಕಿದೆ, ಜೊತೆಗಿದ್ದ ಅಂಥ ಎಲ್ಲ ಕಾಲುಗಳಿಗೂ. ಖರ್ಚು ಸೊನ್ನೆ. ಗೆಳೆಯರಿಗೆ ಅದೇ ಬೇಜಾರು, "ಇಷ್ಟಕ್ಕ ಗದಗಿಂದ ಹೊತ್ಕೊಂಡು ಬಂದೆನಲ್ರೀ" ಅಂತ.

ಗೆರೆಯೇ ಕಾಣದ ಸ್ಕೋಪ್ ಬಂದರೆ ಸ್ವಿಚ್ಚನ್ನು ಎಕ್ಸ್-ವೈ ಕಡೆ ಹಾಕಿ ನೋಡಿ, ಅಲ್ಲಿ ಸ್ವೀಪ್ (ಗೆರೆಯನ್ನು ಅಡ್ಡಕ್ಕೆ ಎಳೆಯುವ ಭಾಗ) ಕೆಲಸ ಮಾಡುವುದಿಲ್ಲ. ಚುಕ್ಕೆ ಬಂದರೆ ಟ್ಯೂಬೂ ಅದರ ಎಚ್‌ಟಿಯೂ (ಹೈ ವೋಲ್ಟೇಜ್) ಸರಿ ಇವೆ, ಸ್ವೀಪ್ ಕಡೆ ಹುಡುಕಿ. ಚುಕ್ಕೆಯನ್ನು ಜೋರಾಗಿ ಒಂದೇ ಕಡೆ ಬಿಡಬೇಡಿ, ಪರದೆ ಸುಟ್ಟು ಕಲೆ ಆಗುತ್ತದೆ. ಕೈ ಬಗ್ಗೆಯೂ ಎಚ್ಚರ ಇರಲಿ. ಈ ಸಣ್ಣ ಸ್ಕೋಪುಗಳಲ್ಲೂ ಟ್ಯೂಬಿಗೆ 2000 ವೋಲ್ಟ್ ಇರುತ್ತದೆ, ಸ್ವಿಚ್ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರುತ್ತದೆ. ಟೈಮ್‌ಬೇಸ್ (ಪರದೆಯ ಅಡ್ಡಕ್ಕೆ ಇರುವ ಕಾಲದ ಅಳತೆ) ಸರಿ ಇದೆಯಾ ಅಂತ ನೋಡೋಕೆ ಬೇರೆ ಯಂತ್ರ ಬೇಡ. ಸಣ್ಣ ಟ್ರಾನ್ಸ್‌ಫಾರ್ಮರ್‌ನ 6 ವೋಲ್ಟ್ ಹಚ್ಚಿ, ಒಂದು ಅಲೆ 20 ಮಿಲಿಸೆಕೆಂಡ್ ತೋರಿಸಬೇಕು. ನಮ್ಮ ವಿದ್ಯುತ್ ಗ್ರಿಡ್ಡನ್ನು 49.90 ಮತ್ತು 50.05 ಹರ್ಟ್ಸ್ ನಡುವೆ ಇಡಬೇಕು ಅನ್ನೋದು ನಿಯಮ. ಸೇಕಡಾ 3ರ ತಪ್ಪು ಇಟ್ಟುಕೊಂಡೇ ಹುಟ್ಟಿದ ಸ್ಕೋಪಿಗೆ ಅಷ್ಟು ನಿಖರ ಸಾಕೋ ಸಾಕು.

ವಾಲ್ವ್ ವೋಲ್ಟ್‌ಮೀಟರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಓಮ್ ಅಳೆಯಲು ಒಳಗೆ ಒಂದು ಸೆಲ್ ಇರುತ್ತದೆ, ಅದು ಸೋರಿ ತಗಡನ್ನು ತಿಂದಿರುತ್ತದೆ, ಮೊದಲು ಅದನ್ನು ನೋಡಿ. ಸೊನ್ನೆ ನಿಲ್ಲುತ್ತಿಲ್ಲ ಅನ್ನೋದು ಇದರ ದೊಡ್ಡ ದೂರು. ಪ್ರೋಬ್ ಶಾರ್ಟ್ ಮಾಡಿ ಸೊನ್ನೆ ಹೊಂದಿಸಿ, ಆಮೇಲೆ ಬಿಡಿಸಿ. ಆಗ ಮುಳ್ಳು ಸರಿದರೆ ವಾಲ್ವಿನ ಗ್ರಿಡ್ಡಿನಲ್ಲಿ ಕರೆಂಟ್ ಹರಿಯುತ್ತಿದೆ, ಬೇರೆ 12ಎಯು7 ವಾಲ್ವ್ ಹಾಕಿ ನೋಡಿ. ಹೊಸ ವಾಲ್ವನ್ನು ಒಂದೆರಡು ದಿನ ಸುಮ್ನೆ ಹಚ್ಚಿಟ್ಟು ಆಮೇಲೆ ಹೊಂದಿಸಿದರೆ ಸೊನ್ನೆ ಚೆನ್ನಾಗಿ ನಿಲ್ಲುತ್ತದೆ.

ಇನ್ನು ಸಿಗ್ನಲ್ ಜನರೇಟರ್. ನನಗೆ ಪ್ರೀತಿ ಜಾಸ್ತಿ ಇದರ ಮೇಲೆಯೇ, ತಲೆನೋವೂ ಜಾಸ್ತಿ ಇದರದ್ದೇ. ಬ್ಯಾಂಡ್ ಸ್ವಿಚ್ಚಿಗೆ ಎಣ್ಣೆಯ ಸ್ಪ್ರೇ ಹೊಡೆಯಬೇಡಿ. ಅವತ್ತಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಆ ಎಣ್ಣೆಗೆ ಊರಿನ ಧೂಳೆಲ್ಲ ಬಂದು ಕೂರುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಂದು, ಹತ್ತಿ ಕಡ್ಡಿಯಲ್ಲಿ ಕಾಂಟ್ಯಾಕ್ಟಿಗೆ ಮಾತ್ರ ಹಚ್ಚಿ ಒರೆಸಿ. ಕಾಯಿಲ್‌ಗಳ ಮೇಲಿನ ಮೇಣ ಒಡೆಯದೆ ಇದ್ದರೆ ಕೈ ಕಟ್ಟಿಕೊಂಡಿರಿ. ಫ್ಯಾಕ್ಟರಿಯಲ್ಲಿ ಕಾಯಿಲ್ ಒಳಗೆ ಕೂರಿಸಿದ ಕೋರ್ ತಾನಾಗಿ ತಿರುಗುವುದಿಲ್ಲ. ಫ್ರೀಕ್ವೆನ್ಸಿ ತಪ್ಪಿದೆ ಅಂದರೆ ಕಾರಣ ಬೇರೆ ಕಡೆ ಇರುತ್ತದೆ: ವಾಲ್ವ್, ಮೌಲ್ಯ ಏರಿದ ಹಳೆ ಕಾರ್ಬನ್ ರೆಸಿಸ್ಟೆನ್ಸ್, ಸಡಿಲವಾದ ಡಯಲ್ ಸ್ಕ್ರೂ. ಡಯಲ್ ಸ್ಕ್ರೂ ಸಡಿಲವಾಗಿದ್ದಕ್ಕೆ ಆರೂ ಬ್ಯಾಂಡಿನ ಟ್ರಿಮ್ಮರ್ (ಹೊಂದಿಸುವ ಸಣ್ಣ ಕಂಡೆನ್ಸರ್) ತಿರುವಿಟ್ಟ ಜಾಣರನ್ನೂ ಕಂಡಿದ್ದೇನೆ.

ಲ್ಯಾಬ್ ದರ್ಜೆಯ 50 ಓಮಿನ ಜನರೇಟರ್‌ಗಳಲ್ಲಿ ಅಟೆನ್ಯುಯೇಟರ್ (ಸಿಗ್ನಲನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಭಾಗ) ಸುಟ್ಟಿರುವುದು ಸಾಮಾನ್ಯ. ಯಾರೋ ಹವ್ಯಾಸಿಗಳ ಹ್ಯಾಮ್ ರೇಡಿಯೋ ಸೆಟ್ಟನ್ನು ಪರೀಕ್ಷೆ ಮಾಡುತ್ತಾ, ಜನರೇಟರ್ ಇನ್ನೂ ಆಂಟೆನಾ ಜಾಗದಲ್ಲಿ ಇದ್ದಾಗಲೇ ಮೈಕಿನ ಬಟನ್ ಒತ್ತಿರುತ್ತಾರೆ. ಅಷ್ಟೂ ಪವರ್ ಉಲ್ಟಾ ಜನರೇಟರ್ ಒಳಗೆ. ಇದನ್ನು ಹಿಡಿಯೋಕೆ ಮಾಮೂಲಿ ಮೀಟರ್ ಸಾಕು. ಯಂತ್ರ ಆಫ್ ಮಾಡಿ, ಔಟ್‌ಪುಟ್ ತುದಿಯ 20 ಡೆಸಿಬೆಲ್ ಮೆಟ್ಟಿಲು ಹಾಕಿ ಓಮ್ ನೋಡಿ. ಪೈ ಆಕಾರದ ಜೋಡಣೆಯಲ್ಲಿ ಎರಡು ಬದಿಗೆ 61.1 ಓಮ್, ನಡುವೆ 247.5 ಓಮ್ ಇರುತ್ತದೆ. ಹಿಂದೆ ಏನೇ ಇರಲಿ, ತುದಿಯಲ್ಲಿ 49ರಿಂದ 51 ಓಮ್ ಒಳಗೇ ಬರಬೇಕು. 247ರಿಂದ 309ರ ಆಸುಪಾಸು ತೋರಿಸಿದರೆ ತುದಿಯ 61 ಓಮ್ ಸುಟ್ಟು ಬಿಟ್ಟಿದೆ. ಈ ಮೌಲ್ಯ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. 68ಕ್ಕೆ 620 ಪ್ಯಾರಲಲ್ ಹಾಕಿ, 61.3 ಬರುತ್ತದೆ. 270ಕ್ಕೆ 3 ಕಿಲೋಓಮ್ ಹಾಕಿದರೆ 247.7. ಮೆಟಲ್ ಫಿಲ್ಮ್ ಇರಲಿ, ವಯರ್‌ವೂಂಡ್ ಬೇಡವೇ ಬೇಡ, ಕಾಲುಗಳನ್ನು ಎಷ್ಟು ಆಗುತ್ತೋ ಅಷ್ಟು ಗಿಡ್ಡ ಮಾಡಿ. ಮುಚ್ಚುವಾಗ ಎಲ್ಲ ಸ್ಕ್ರೂ ಹಾಕಿ. ಹನ್ನೆರಡು ಇರಬೇಕಾದ ಕಡೆ ಮೂರು ಹಾಕಿದರೆ ಸಿಗ್ನಲ್ ಸಂದಿಯಿಂದ ಸೋರಿ, ಅಟೆನ್ಯುಯೇಟರ್ ಎಷ್ಟೇ ಇಳಿಸಿದರೂ ರೇಡಿಯೋ ಕೂಗುತ್ತಲೇ ಇರುತ್ತದೆ.

ಈಗ ಮೊದಲಿನ ಪ್ರಶ್ನೆ. ಡಯಲ್ ನಿಜ ಹೇಳುತ್ತಿದೆಯಾ? ಇದಕ್ಕೆ ನಮಗೆ ಮನೆ ಬಾಗಿಲಲ್ಲೇ ಉತ್ತರ ಇದೆ. ಧಾರವಾಡ ಆಕಾಶವಾಣಿ, 1950ರ ಜನವರಿ 8ರಿಂದ ನಡೆಯುತ್ತಿರುವ ಕೇಂದ್ರ, ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮೀಡಿಯಂ ವೇವ್ ಕೇಂದ್ರ 10 ಹರ್ಟ್ಸಿಗಿಂತ ಆಚೀಚೆ ಹೋಗುವ ಹಾಗಿಲ್ಲ. ನಮ್ಮ ಮೇಜಿನ ಮೇಲಿನ ಯಾವ ಹಳೆ ಯಂತ್ರವೂ ಇಷ್ಟು ನೆಟ್ಟಗೆ ನಿಲ್ಲುವುದಿಲ್ಲ. ರೇಡಿಯೋವನ್ನು ಧಾರವಾಡಕ್ಕೆ ಟ್ಯೂನ್ ಮಾಡಿ, ಜನರೇಟರ್‌ನಿಂದ ಒಂದು ತುಂಡು ವಯರ್ ರೇಡಿಯೋ ಹತ್ತಿರ ಇಡಿ, ಮಾಡ್ಯುಲೇಶನ್ (ಜನರೇಟರ್ ತಾನೇ ಸೇರಿಸುವ ಸದ್ದು) ಆಫ್ ಮಾಡಿ ಡಯಲ್ ತಿರುಗಿಸಿ. 765 ಹತ್ತಿರ ಬಂದಂತೆ ಸೀಟಿ ಕೇಳಿಸುತ್ತದೆ, ಎರಡು ಫ್ರೀಕ್ವೆನ್ಸಿಗಳ ನಡುವಿನ ವ್ಯತ್ಯಾಸವೇ ಆ ಸೀಟಿ, ಸೀಟಿ ದಪ್ಪವಾಗುತ್ತಾ ಇಳಿದು ನಿಲ್ಲುತ್ತದೆ. ನಿಂತ ಜಾಗವೇ 765. ಇಲ್ಲಿ ಕೇಂದ್ರದ ಅಲೆ ಎಷ್ಟು ಜೋರು ಅಂದರೆ ಜನರೇಟರ್ ಸದ್ದು ಅದರಲ್ಲಿ ಮುಳುಗಿ ಹೋಗಬಹುದು. ಆಗ ರೇಡಿಯೋವನ್ನೇ ಮೆಲ್ಲಗೆ ತಿರುಗಿಸಿ. ಒಳಗಿನ ಫೆರೈಟ್ ಕಡ್ಡಿಯ ತುದಿ ಕೇಂದ್ರದ ದಿಕ್ಕಿಗೆ ಬಂದಾಗ ಧಾರವಾಡ ತಗ್ಗುತ್ತದೆ.

ಇದಕ್ಕಿಂತ ಮಜಾ ಇನ್ನೊಂದಿದೆ. ಬೆಂಗಳೂರು ಕೇಂದ್ರ ಇರುವುದು 612ರಲ್ಲಿ. ಜನರೇಟರನ್ನು 153 ಕಿಲೋಹರ್ಟ್ಸಿಗೆ ಇಡಿ. ಅದರ ನಾಲ್ಕನೇ ಹಾರ್ಮೋನಿಕ್, ಅಂದರೆ ನಾಲ್ಕು ಪಟ್ಟು, 612, ಐದನೆಯದು 765! ಧಾರವಾಡದ ಮೇಲೆ ಸೀಟಿ ಇಳಿಸಿ ನಿಲ್ಲಿಸಿ, ರೇಡಿಯೋವನ್ನು ಬೆಂಗಳೂರಿಗೆ ಹೊರಳಿಸಿ, ಅಲ್ಲೂ ಸೀಟಿ ಇಳಿದು ನಿಂತಿರಬೇಕು, ಡಯಲ್ ಕೂದಲೆಳೆಯಷ್ಟು ಅಲ್ಲಾಡಿಸಿದರೆ ಮತ್ತೆ ಏಳಬೇಕು. ಡಯಲ್ ಪೂರಾ ತಪ್ಪಿ ನೀವು 191.25ರಲ್ಲಿ ಇದ್ದಿದ್ದರೆ ಅದರ ನಾಲ್ಕನೇ ಹಾರ್ಮೋನಿಕ್ ಧಾರವಾಡದ ಮೇಲೆ ಬಿದ್ದು ಮೋಸ ಮಾಡುತ್ತಿತ್ತು, ಬೆಂಗಳೂರಿನ ಮೇಲೆ ಮಾತ್ರ ಏನೂ ಬೀಳುತ್ತಿರಲಿಲ್ಲ. ಎರಡೂ ಕಡೆ ಒಟ್ಟಿಗೆ ಹೊಂದಿದರೆ ಅನುಮಾನವೇ ಬೇಡ. ಬೆಂಗಳೂರು ಹಗಲಿಗಿಂತ ಸಂಜೆ ಚೆನ್ನಾಗಿ ಬರುತ್ತದೆ, ಆ ಹೊತ್ತಿಗೆ ಮಾಡಿ. ಜನರೇಟರ್ ಅರ್ಧ ಗಂಟೆಯಾದರೂ ಕಾದಿರಲಿ. ಬ್ಯಾಂಡಿನ ಕೆಳತುದಿಗೆ ಕೋರ್, ಮೇಲ್ತುದಿಗೆ ಟ್ರಿಮ್ಮರ್, ಒಂದು ಮುಟ್ಟಿದರೆ ಇನ್ನೊಂದು ಸ್ವಲ್ಪ ಸರಿಯುತ್ತದೆ, ಹಾಗಾಗಿ ಎರಡನ್ನೂ ಹಿಂದೆ ಮುಂದೆ ಮಾಡುತ್ತಾ ಹೋಗಬೇಕು.

"ಇಷ್ಟೆಲ್ಲ ಯಾಕ್ರೀ, ಅಗ್ಗದ ಡಿಜಿಟಲ್ ಫ್ರೀಕ್ವೆನ್ಸಿ ಕೌಂಟರ್ ಸಿಗ್ತಾವಲ್ಲ" ಅಂತ ಕೇಳಬಹುದು. ಸಿಗುತ್ತವೆ, ನನ್ನ ಹತ್ತಿರವೂ ಇದೆ. ರೇಡಿಯೋದ ಐಎಫ್‌ಟಿಗಳಿಗೆ ಬೇಕಾದ 455 ಕಿಲೋಹರ್ಟ್ಸ್ ಹೊಂದಿಸೋಕೆ ಅದು ಬೇಕೇ ಬೇಕು. ಆದರೆ ಅದರೊಳಗಿನ ಕ್ರಿಸ್ಟಲ್ ಸರಿ ಇದೆ ಅಂತ ಹೇಳಿದವರು ಯಾರು? ಎಂಟು ಅಂಕಿ ತೋರಿಸಿದ ಮಾತ್ರಕ್ಕೆ ಎಂಟೂ ಅಂಕಿ ನಿಜ ಅಂತಲ್ಲ. ಜನರೇಟರನ್ನು ಧಾರವಾಡಕ್ಕೆ ಹೊಂದಿಸಿ. ಸೀಟಿ ಕಿವಿಗೆ ಕೇಳಿಸದಷ್ಟು ಇಳಿದ ಮೇಲೂ ವಾರ್ತೆ ಓದುವವರ ದನಿ ತೂಗಿದ ಹಾಗೆ ಏರಿಳಿಯುತ್ತದೆ, ಆ ತೂಗಾಟವೂ ನಿಧಾನವಾಗುವ ತನಕ ತಿರುಗಿಸಿ. ಆಮೇಲೆ ಕೌಂಟರ್ ಹಚ್ಚಿ. 765.020 ಅಂತ ತೋರಿಸಿದರೆ ಹತ್ತು ಲಕ್ಷಕ್ಕೆ 26ರಷ್ಟು ತಪ್ಪು. ಅದರ ಬೋರ್ಡಿನಲ್ಲಿ ಕ್ರಿಸ್ಟಲ್ ಪಕ್ಕ ಒಂದು ಸಣ್ಣ ಟ್ರಿಮ್ಮರ್ ಇರುತ್ತದೆ, ಪ್ಲಾಸ್ಟಿಕ್ ಕಡ್ಡಿಯಿಂದಲೇ ತಿರುಗಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಹಚ್ಚಿದರೆ ಕೈ ತೆಗೆದ ಕೂಡಲೇ ಅಂಕಿ ಮತ್ತೆ ಸರಿಯುತ್ತದೆ.